ನಿಂತ ಗಾಡಿಯ ಬ್ಯಾಟರಿ ಯಾಕೆ ಸಾಯುತ್ತದೆ, ಅದನ್ನು ಉಳಿಸುವುದು ಹೇಗೆ

ಜೂನ್ ಮೊದಲ ವಾರ. ರಾತ್ರಿ ಒಳ್ಳೆ ಹದ ಮಳೆ ಆಗಿತ್ತು. ಜಮಖಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬೆಳಗ್ಗೆ ಎದ್ದವರೆಲ್ಲ ಹೊಲದ ಕಡೆ ಮುಖ ಮಾಡಿದ್ದರು. ನಮ್ಮ ಕಾಕಾ ತಗಡಿನ ಶೆಡ್ಡಿನಲ್ಲಿದ್ದ ಟ್ರ್ಯಾಕ್ಟರ್ ಹತ್ತಿ ಕೀಲಿ ತಿರುಗಿಸಿದರು. ಟಕ್. ಇನ್ನೊಮ್ಮೆ ತಿರುಗಿಸಿದರು. ಟಕ್, ಟಕ್, ಟಕ್. ಮುಂದಿದ್ದ ಕೆಂಪು ದೀಪ ಮಂಕಾಗುತ್ತಾ ಆರಿಯೇ ಹೋಯಿತು.

"ಬ್ಯಾಟ್ರಿ ಮಲಗೇತಿ ನೋಡಪಾ," ಅಂದರು ಕಾಕಾ. "ಹಾಕ್ಸಿ ಇನ್ನಾ ಎರಡು ವರ್ಷ ಆಗಿಲ್ಲ. ಈಗಿನ ಮಾಲು ಗಟ್ಟಿ ಇರಂಗಿಲ್ಲ."

ಶೆಡ್ಡಿನ ಮುಂದಿನ ಇಳಿಜಾರಿಗೆ ಐದಾರು ಜನ ಸೇರಿ ದಬ್ಬಿದೆವು. ಗಾಡಿ ಶುರುವಾಯಿತು. ಮರುದಿನ ಮತ್ತೆ ಅದೇ ಕಥೆ. ಮೂರನೇ ದಿನ ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದರು.

ಕಾಕಾ ಹೇಳಿದ್ದು ನಮ್ಮ ಕಡೆ ಎಲ್ಲರೂ ಹೇಳುವ ಮಾತೇ. ಎರಡು ವರ್ಷಕ್ಕೊಂದು ಬ್ಯಾಟರಿ ಅನ್ನುವುದು ಟ್ರ್ಯಾಕ್ಟರ್ ಇಟ್ಟವರಿಗೆ ಒಂದು ಕಾಯಂ ಖರ್ಚೇ ಆಗಿಬಿಟ್ಟಿದೆ. ಆದರೆ ಆ ಬ್ಯಾಟರಿ ದುಡಿದು ಸತ್ತಿರಲಿಲ್ಲ. ಹಂಗಾಮಿನಲ್ಲಿ ಮಾರ್ಚ್ ತನಕ ದಿನಾ ಕಬ್ಬು ಎಳೆಯುವಾಗ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದು ಸತ್ತಿದ್ದು ಏಪ್ರಿಲ್, ಮೇ ತಿಂಗಳಲ್ಲಿ. ಶೆಡ್ಡಿನೊಳಗೆ ಯಾರೂ ಮುಟ್ಟದೆ ನಿಂತಿದ್ದಾಗ. ಜೂನ್‌ನಲ್ಲಿ ನಮಗೆ ಗೊತ್ತಾಯಿತು, ಅಷ್ಟೇ.

ಬ್ಯಾಟರಿ ಕೆಲಸ ಮಾಡಿ ಹಾಳಾಗುವುದಕ್ಕಿಂತ ಅರ್ಧ ಹೊಟ್ಟೆಯಲ್ಲಿ ನಿಂತು ಹಾಳಾಗುವುದೇ ಜಾಸ್ತಿ. ಇದು ಯಾಕೆ ಅಂತ ತಿಳಿಯಬೇಕಾದರೆ ಡಬ್ಬಿಯ ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು.

1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ಸೀಸದ ಹಾಳೆಗಳನ್ನು ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ ಮುಳುಗಿಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. ಇವತ್ತು ನಮ್ಮ ಟ್ರ್ಯಾಕ್ಟರ್, ಜೀಪು, ಕಾರಿನಲ್ಲಿ ಇರುವುದೂ ಮೂಲದಲ್ಲಿ ಅದೇ. 12 ವೋಲ್ಟ್ ಬ್ಯಾಟರಿಯ ಒಳಗೆ ಆರು ಖೋಲಿಗಳಿವೆ. ಒಂದೊಂದು ಖೋಲಿಗೆ ಸೆಲ್ ಅನ್ನುತ್ತಾರೆ. ಒಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಸೇರಿದರೆ 12.6. ಹಾಗಾಗಿ ಹೊಟ್ಟೆ ತುಂಬಿದ ಬ್ಯಾಟರಿ ಮೀಟರಿನಲ್ಲಿ 12 ತೋರಿಸುವುದಿಲ್ಲ, 12.6ರ ಆಸುಪಾಸು ತೋರಿಸುತ್ತದೆ. 12.0 ಅಂತ ತೋರಿಸಿದರೆ ಅದು ಮುಕ್ಕಾಲು ಖಾಲಿ. ಇದು ಬಹಳ ಜನರಿಗೆ ಗೊತ್ತಿಲ್ಲ. "12 ಐತಲ್ರೀ, ಫುಲ್ ಐತಿ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ.

ಬ್ಯಾಟರಿಯಿಂದ ಕರೆಂಟ್ ತೆಗೆದಾಗ ಆ್ಯಸಿಡ್‌ನಲ್ಲಿರುವ ಸಲ್ಫೇಟ್ ಹೋಗಿ ಒಳಗಿನ ಸೀಸದ ಹಾಳೆಗಳಿಗೆ, ಅಂದರೆ ಪ್ಲೇಟುಗಳಿಗೆ, ಅಂಟುತ್ತದೆ. ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆ್ಯಸಿಡ್ ನೀರಾಗುತ್ತಾ ಬರುತ್ತದೆ. ಚಾರ್ಜ್ ಮಾಡಿದಾಗ ಇದು ಉಲ್ಟಾ ನಡೆಯುತ್ತದೆ. ಪ್ಲೇಟ್ ಬಿಟ್ಟು ಸಲ್ಫೇಟ್ ಮತ್ತೆ ಆ್ಯಸಿಡ್‌ಗೆ ಇಳಿಯುತ್ತದೆ. ಬ್ಯಾಟರಿ ಅಂಗಡಿಯವರು ಗಾಜಿನ ನಳಿಗೆಯಲ್ಲಿ ಆ್ಯಸಿಡ್ ಎಳೆದು ತೇಲು ಎಷ್ಟು ಮೇಲೆ ನಿಂತಿದೆ ಅಂತ ನೋಡುವುದು ಇದಕ್ಕೇ. ತೇಲು ಮೇಲೆ ನಿಂತರೆ ಆ್ಯಸಿಡ್ ಗಟ್ಟಿ, ಬ್ಯಾಟರಿ ತುಂಬಿದೆ. ಮುಳುಗಿದರೆ ನೀರಾಗಿದೆ, ಖಾಲಿ.

ಇಲ್ಲಿಯ ತನಕ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಸಮಯದಲ್ಲಿ. ಇದನ್ನು ಸಕ್ಕರೆಯಲ್ಲಿ ನೋಡಬಹುದು. ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿದರೆ ಎರಡು ಸುತ್ತು ತಿರುವುವಷ್ಟರಲ್ಲಿ ಕರಗುತ್ತದೆ. ಅಷ್ಟೇ ತೂಕದ ಕಲ್ಲುಸಕ್ಕರೆ ತುಂಡು ಹಾಕಿ ನೋಡಿ. ಚಹಾ ಆರಿದರೂ ತಳದಲ್ಲಿ ಕೂತಿರುತ್ತದೆ. ಎರಡೂ ಸಕ್ಕರೆಯೇ, ಅಲ್ವಾ? ಹರಳಿನ ಗಾತ್ರ ಬೇರೆ. ಈಗಷ್ಟೇ ಕೂತ ಸಲ್ಫೇಟ್ ಸಣ್ಣ ಸಕ್ಕರೆ ಇದ್ದ ಹಾಗೆ, ಚಾರ್ಜ್ ಮಾಡಿದ ಕೂಡಲೇ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ಸೇರಿ ದೊಡ್ಡವಾಗುತ್ತವೆ, ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಪ್ಲೇಟಿನ ಅಷ್ಟು ಜಾಗ ಕಾಯಂ ಆಗಿ ಮುಚ್ಚಿಹೋಯಿತು ಅಂತಲೇ ಲೆಕ್ಕ. ಇದಕ್ಕೆ ಸಲ್ಫೇಶನ್ ಅನ್ನುತ್ತಾರೆ. ಕಾಕಾನ ಬ್ಯಾಟರಿಗೆ ಆಗಿದ್ದು ಇದೇ.

ಹಾಗಾದರೆ ಯಾರೂ ಮುಟ್ಟದ ಬ್ಯಾಟರಿ ಖಾಲಿ ಆಗುವುದಾದರೂ ಹೇಗೆ? ಎರಡು ದಾರಿ ಇವೆ. ಒಂದು, ಒಳಗಿನ ರಾಸಾಯನಿಕ ಕ್ರಿಯೆ ತಂತಾನೇ ನಿಧಾನಕ್ಕೆ ನಡೆಯುತ್ತಲೇ ಇರುತ್ತದೆ. ವೈರ್ ಬಿಚ್ಚಿ ನೆಲದ ಮೇಲೆ ಇಟ್ಟರೂ ನಡೆಯುತ್ತದೆ. ಬಿಸಿ ಹೆಚ್ಚಾದ ಹಾಗೆ ಇದರ ವೇಗವೂ ಹೆಚ್ಚುತ್ತದೆ. ಹತ್ತು ಡಿಗ್ರಿ ಏರಿದರೆ ಸುಮಾರು ದುಪ್ಪಟ್ಟು. ವಿಜಯಪುರ, ಬಾಗಲಕೋಟೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಹೊರಗೆ 40 ಡಿಗ್ರಿ ಇದ್ದರೆ ತಗಡಿನ ಕೆಳಗೆ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಎರಡು ತಿಂಗಳು ತಡೆಯುವ ಬ್ಯಾಟರಿ ನಮ್ಮ ಬೇಸಿಗೆಯಲ್ಲಿ ಅಷ್ಟು ತಡೆಯುವುದಿಲ್ಲ.

ಇನ್ನೊಂದು ದಾರಿ ಗಾಡಿಯೇ ಕುಡಿಯುವ ಕರೆಂಟ್. ಈಗಿನ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ರಿಮೋಟ್ ಲಾಕು, ಕಂಪ್ಯೂಟರ್ ಎಲ್ಲ ಎಚ್ಚರವಾಗೇ ಇರುತ್ತವೆ. ಸುಮಾರು 30 ಮಿಲಿಆಂಪ್ಸ್ ಅಂತ ಇಟ್ಟುಕೊಳ್ಳಿ. ಕೇಳಲು ಏನೂ ಅಲ್ಲ. ದಿನಕ್ಕೆ 24 ಗಂಟೆ ಲೆಕ್ಕ ಹಾಕಿದರೆ 0.72 ಎಎಚ್. ಸಣ್ಣ ಕಾರಿನ ಬ್ಯಾಟರಿ 35 ಎಎಚ್. ಅಂದರೆ 24 ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ಎಎಚ್ ಅಂದರೆ ಆಂಪಿಯರ್ ಅವರ್, ಎಷ್ಟು ಆಂಪ್ಸ್ ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ. ಟ್ರ್ಯಾಕ್ಟರಿನಲ್ಲಿ ಇಷ್ಟು ಎಲೆಕ್ಟ್ರಾನಿಕ್ಸ್ ಇರುವುದಿಲ್ಲ. ಆದರೆ ಈಗ ಜಿಪಿಎಸ್ ಪೆಟ್ಟಿಗೆ, ಮೊಬೈಲ್ ಚಾರ್ಜಿಂಗ್ ಪಾಯಿಂಟು, ಟೇಪ್ ಅಂತ ನಾವೇ ಕೂಡಿಸಿರುತ್ತೇವೆ.

ಟೇಪ್ ಅಂದಾಗ ಒಂದು ಮಾತು ಹೇಳಲೇಬೇಕು. ಕಾರ್ಖಾನೆ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಪಾಳಿಗಾಗಿ ರಾತ್ರಿಯಿಡೀ ನಿಂತಿರುತ್ತವೆ. ಇಂಜಿನ್ ಬಂದ್, ದೊಡ್ಡ ಸ್ಪೀಕರ್‌ಗಳಲ್ಲಿ ಹಾಡು ಜೋರು. ಚಾಲಕರಿಗೆ ನಿದ್ದೆ ಬರಬಾರದು, ಬೇಸರ ಕಳೆಯಬೇಕು, ಅದು ನನಗೂ ಅರ್ಥ ಆಗುತ್ತದೆ. ಆದರೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟುಗಳು ತೆಳು. ಒಂದೇ ಸಲ ಜೋರಾಗಿ ಒದೆಯಲು ಮಾಡಿದ್ದು ಅದು, ರಾತ್ರಿಯಿಡೀ ನಿಧಾನವಾಗಿ ಕೊಡಲು ಅಲ್ಲ. ಆ ಕೆಲಸಕ್ಕೆ ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಬೇರೆಯೇ ಇದೆ. ಸ್ಟಾರ್ಟಿಂಗ್ ಬ್ಯಾಟರಿಯನ್ನು ಹತ್ತಾರು ಸಲ ಪೂರ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಅಲ್ಲೇ ಮುಗಿಯುತ್ತದೆ.

ಈಗ ಎಲ್ಲರೂ ತಪ್ಪು ತಿಳಿದಿರುವ ಒಂದು ಲೆಕ್ಕ. ಸೆಲ್ಫ್ ಹೊಡೆದರೆ ಬ್ಯಾಟರಿ ಬಹಳ ಖಾಲಿಯಾಗುತ್ತದೆ ಅಂತ ನಂಬಿದ್ದೇವೆ. 200 ಆಂಪ್ಸ್ ಎಳೆದರೂ ಮೂರು ಸೆಕೆಂಡಿನಲ್ಲಿ ಗಾಡಿ ಶುರುವಾದರೆ ಖರ್ಚಾಗುವುದು 0.17 ಎಎಚ್ ಮಾತ್ರ. ಕಾರು ಆರು ಗಂಟೆ ಸುಮ್ನೆ ನಿಂತರೆ ಖರ್ಚಾಗುವುದೂ ಸುಮಾರು ಅಷ್ಟೇ.

ವಿಜಯಪುರದಲ್ಲಿ ನಮ್ಮ ಅಕ್ಕನ ಮನೆ ಇದೆ. ಭಾವ ಕೆಲಸದ ಮೇಲೆ ಪುಣೆಯಲ್ಲಿ ಇರುತ್ತಾರೆ, ಕಾರು ಮನೆ ಮುಂದೆ ನಿಂತಿರುತ್ತದೆ. ಅಕ್ಕ ಪ್ರತಿ ಭಾನುವಾರ ತಪ್ಪದೇ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಬಂದ್ ಮಾಡುತ್ತಿದ್ದಳು. ಆದರೂ ಮೂರು ತಿಂಗಳಿಗೆ ಬ್ಯಾಟರಿ ಕೈಕೊಟ್ಟಿತು. "ನಾ ಏನ್ ತಪ್ಪ್ ಮಾಡೀನಿ ಹೇಳೋ ತಮ್ಮಾ," ಅಂತ ಫೋನಿನಲ್ಲಿ ಕೇಳಿದಳು. ಅವಳ ತಪ್ಪಿಲ್ಲ. ವಾರಕ್ಕೆ ಏಳು ದಿನ ನಿಂತು ಖಾಲಿಯಾಗಿದ್ದು ಸುಮಾರು 5 ಎಎಚ್. ಐದು ನಿಮಿಷ ಇಂಜಿನ್ ನಿಧಾನಕ್ಕೆ ಓಡುವಾಗ ಬ್ಯಾಟರಿಗೆ 15 ಆಂಪ್ಸ್ ಹೋಯಿತು ಅಂತ ಹಿಡಿದರೂ ವಾಪಸ್ ಬಂದಿದ್ದು 1.25 ಎಎಚ್. ವಾರ ವಾರವೂ ಉಳಿದ ಸಾಲ ಬೆಳೆಯುತ್ತಾ ಹೋಯಿತು. ಕಾರನ್ನು ಸೋಲಾಪುರ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ತಂದಿದ್ದರೆ ಮಾತು ಬೇರೆ. ಆದರೆ ಬ್ಯಾಟರಿ ಸಲುವಾಗಿ ಅಷ್ಟು ಪೆಟ್ರೋಲ್ ಸುಡುವುದು ಯಾರಿಗೆ ಬೇಕು?

ಇಲ್ಲಿಗೇ ಚಾರ್ಜರ್ ಬರುತ್ತದೆ. ಎಲ್ಲ ಚಾರ್ಜರ್ ಒಂದೇ ಅಲ್ಲ. ಒಳ್ಳೆ ಚಾರ್ಜರ್ ಏನು ಮಾಡುತ್ತದೆ ಅನ್ನುವುದನ್ನು ಕಬ್ಬಿಗೆ ನೀರು ಹಾಯಿಸಿದವರಿಗೆ ಹೇಳುವುದು ಸುಲಭ. ಒಣಗಿ ಬಿರಿದ ನೆಲಕ್ಕೆ ನೀರು ಬಿಟ್ಟರೆ ಮೊದಲು ಎಷ್ಟು ಬಿಟ್ಟರೂ ಕುಡಿಯುತ್ತದೆ. ಆಮೇಲೆ ನಿಧಾನ. ನೆಲ ತಣಿದ ಮೇಲೂ ನೀರು ಬಿಡುತ್ತಲೇ ಇದ್ದರೆ ಬದು ಒಡೆಯುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದರೆ ಭೂಮಿ ಸವಳಾಗುತ್ತದೆ. ಕೃಷ್ಣಾ ದಂಡೆಯ ಹೊಲಗಳಲ್ಲಿ ಅದನ್ನು ನಾವು ನೋಡಿದ್ದೇವೆ.

ಬ್ಯಾಟರಿಯೂ ಹಾಗೇ. ಮೊದಲ ಹಂತದಲ್ಲಿ ಚಾರ್ಜರ್ ತನ್ನ ಪೂರ್ತಿ ಆಂಪ್ಸ್ ಕೊಡುತ್ತದೆ. ಬ್ಯಾಟರಿಯ ವೋಲ್ಟೇಜ್ ಏರುತ್ತಾ 14.4ರ ಹತ್ತಿರ ಬರುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಮುಕ್ಕಾಲು ಭಾಗ ತುಂಬಿರುತ್ತದೆ. ಎರಡನೇ ಹಂತದಲ್ಲಿ ವೋಲ್ಟೇಜನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಬ್ಯಾಟರಿ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆಂಪ್ಸ್ ಇಳಿಯುತ್ತಾ ಬರುತ್ತದೆ. ಈ ಹಂತಕ್ಕೆ ಗಂಟೆಗಟ್ಟಲೆ ಬೇಕು, ಅವಸರ ಮಾಡಲು ಬರುವುದಿಲ್ಲ. ಪೇಟೆ ಒಳಗೆ ಹತ್ತು ನಿಮಿಷ ಓಡಾಡುವ ಕಾರಿನ ಬ್ಯಾಟರಿ ಪೂರ್ತಿ ತುಂಬದೇ ಇರುವುದೂ ಇದಕ್ಕೇ. ಮೂರನೇ ಹಂತದಲ್ಲಿ ಚಾರ್ಜರ್ ವೋಲ್ಟೇಜನ್ನು 13.2ರಿಂದ 13.6ರ ನಡುವೆ ಇಳಿಸಿಕೊಂಡು ಕೂರುತ್ತದೆ. ಬ್ಯಾಟರಿ ತಂತಾನೇ ಕಳೆದುಕೊಳ್ಳುವಷ್ಟನ್ನು ಮಾತ್ರ ಅಲ್ಲಲ್ಲೇ ತುಂಬುತ್ತದೆ. ಇದಕ್ಕೆ ಫ್ಲೋಟ್ ಅನ್ನುತ್ತಾರೆ. ಮೇಂಟೇನರ್ ಅಂದರೆ ಈ ಮೂರನೇ ಹಂತವನ್ನೇ ತಿಂಗಳುಗಟ್ಟಲೆ ಮಾಡಲು ಇಟ್ಟ ಸಣ್ಣ ಚಾರ್ಜರ್. ಸಾಮಾನ್ಯವಾಗಿ ಒಂದು ಆಂಪ್ಸ್ ಆಸುಪಾಸಿನದು. ಕೆಲವು ಪೂರ್ತಿ ಬಂದ್ ಆಗಿ, ವೋಲ್ಟೇಜ್ ಇಳಿದಾಗ ಮತ್ತೆ ಎಚ್ಚರಗೊಳ್ಳುತ್ತವೆ. ಎರಡೂ ನಡೆಯುತ್ತದೆ.

ಹಳೆ ಥರದ ಚಾರ್ಜರ್‌ಗೆ ಈ ಬುದ್ಧಿ ಇಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬ ಪರಿಚಯದವರಿಂದ ಅಂಥದ್ದೊಂದು ಎರವಲು ತಂದಿದ್ದೆ. ಕಬ್ಬಿಣದ ಪೆಟ್ಟಿಗೆ, ಒಳಗೆ ಟ್ರಾನ್ಸ್‌ಫಾರ್ಮರ್, ಮುಂದೆ ಮುಳ್ಳಿನ ಮೀಟರ್. ಸಂಜೆ ಹಚ್ಚಿದಾಗ ಮುಳ್ಳು 10ರ ಮೇಲೆ ನಿಂತಿತು. ಸರಿ ಅಂತ ಬಾಗಿಲು ಹಾಕಿ ಮಲಗಿದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಬ್ಯಾಟರಿಯ ಗೋಡೆ ಮುಟ್ಟಲು ಆಗದಷ್ಟು ಬಿಸಿ. ಆರೂ ಖೋಲಿಯಿಂದ ಕೊತಕೊತ ಶಬ್ದ. ಮುಳ್ಳು ಇನ್ನೂ 4ರ ಮೇಲೇ ಇತ್ತು. ಗೋಡೆಯ ಸ್ವಿಚ್ ಬಂದ್ ಮಾಡಿ, ಆರಿದ ಮೇಲೆ ಮುಚ್ಚಳ ಬಿಚ್ಚಿ ನೋಡಿದರೆ ಪ್ಲೇಟಿನ ತಲೆಗಳು ನೀರಿನಿಂದ ಹೊರಗೆ ಬಂದು ಒಣಗಿದ್ದವು. ಡಿಸ್ಟಿಲ್ಡ್ ವಾಟರ್ ಹಾಕಿದೆ. ಮೂರು ತಿಂಗಳು ನಡೆಯಿತು, ಆಮೇಲೆ ಹೋಯಿತು.

ಬ್ಯಾಟರಿ ತುಂಬಿದ ಮೇಲೂ ಕರೆಂಟ್ ಕೊಡುತ್ತಲೇ ಇದ್ದರೆ ಅದು ಒಳಗಿನ ನೀರನ್ನು ಒಡೆಯುತ್ತದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಹೊರಬರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ 4 ಪ್ರತಿಶತ ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಮುಚ್ಚಿದ ಆ ಕೋಣೆಯಲ್ಲಿ ಯಾರಾದರೂ ಬೀಡಿ ಹಚ್ಚಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ನನಗೆ ಎದೆ ಝಲ್ ಅನ್ನುತ್ತದೆ. ಖೋಲಿಯಲ್ಲಿ ನೀರು ಎಷ್ಟಿದೆ ಅಂತ ನೋಡಲು ಕಡ್ಡಿ ಗೀರುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಬೈಲ್ ಟಾರ್ಚ್ ಇದೆ. ಚಾರ್ಜ್ ಮಾಡುವುದು ಗಾಳಿ ಆಡುವ ಜಾಗದಲ್ಲೇ ಆಗಬೇಕು.

ಕೊಳ್ಳುವಾಗ ಏನು ನೋಡಬೇಕು? ಮೊದಲನೆಯದು ಆಂಪ್ಸ್. ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ ಅನ್ನುವುದು ಹಳೆಯ, ನಂಬಬಹುದಾದ ಲೆಕ್ಕ. 35 ಎಎಚ್ ಕಾರಿಗೆ 3.5 ಆಂಪ್ಸ್. 88 ಎಎಚ್ ಟ್ರ್ಯಾಕ್ಟರ್ ಬ್ಯಾಟರಿಗೆ 8ರಿಂದ 9. ಅರ್ಧ ಖಾಲಿಯಾದ 88 ಎಎಚ್ ಬ್ಯಾಟರಿಗೆ 44 ಎಎಚ್ ತುಂಬಬೇಕು. 8 ಆಂಪ್ಸ್‌ನಲ್ಲಿ ಐದೂವರೆ ಗಂಟೆ ಅನಿಸುತ್ತದೆ. ಕೊನೆಯ ಹಂತ ನಿಧಾನ ಆಗಿರುವುದರಿಂದ ಎಂಟು ಗಂಟೆ ಹಿಡಿಯಿರಿ. ಕಡಿಮೆ ಆಂಪ್ಸ್‌ನ ಚಾರ್ಜರ್ ಹಚ್ಚಿದರೆ ತಡ ಆಗುತ್ತದೆಯೇ ಹೊರತು ಕೆಡುವುದಿಲ್ಲ. ಜಾಸ್ತಿ ಆಂಪ್ಸ್ ಕೊಟ್ಟರೆ ಬ್ಯಾಟರಿ ಬೇಯುತ್ತದೆ.

ಎರಡನೆಯದು ಬ್ಯಾಟರಿಯ ಜಾತಿ. ಮುಚ್ಚಳ ಬಿಚ್ಚಿ ನೀರು ಹಾಕುವ ಮಾಮೂಲಿ ಬ್ಯಾಟರಿ ಒಂದು. ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಬಂದ್ ಆಗುವ ಹೊಸ ಕಾರುಗಳಲ್ಲಿ ಇಎಫ್‌ಬಿ (ಮಾಮೂಲಿ ಬ್ಯಾಟರಿಯದೇ ಗಟ್ಟಿಮುಟ್ಟಾದ ರೂಪ) ಅಥವಾ ಎಜಿಎಂ (ಗಾಜಿನ ನಾರಿನ ಹಾಳೆ ಆ್ಯಸಿಡ್ ಹೀರಿಕೊಂಡಿರುವಂಥದ್ದು) ಇರುತ್ತದೆ. ಆ್ಯಸಿಡ್ ಲೋಳೆಯಂತೆ ಗಟ್ಟಿಯಾಗಿರುವ ಜೆಲ್ ಬ್ಯಾಟರಿ ಬೇರೆ. ಇವುಗಳಿಗೆ ಬೇಕಾದ ವೋಲ್ಟೇಜ್ ಒಂದಕ್ಕೊಂದು ಸ್ವಲ್ಪ ಬೇರೆ, ಅದರಲ್ಲೂ ಜೆಲ್‌ಗೆ ವೋಲ್ಟೇಜ್ ಜಾಸ್ತಿಯಾದರೆ ತಡೆಯುವುದಿಲ್ಲ. ಚಾರ್ಜರ್ ಮೇಲಿನ ಗುಂಡಿ ಒತ್ತಿ ಸರಿಯಾದದ್ದನ್ನು ಆರಿಸಬೇಕು. ಲಿಥಿಯಂ ಬ್ಯಾಟರಿಗೆ ಲಿಥಿಯಂ ಅಂತ ಬರೆದಿರುವ ಚಾರ್ಜರೇ ಬೇಕು.

ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ನಮ್ಮ ಭಾಗಕ್ಕೆ ಮಾತ್ರ ಅದು ಬಹಳ ಮುಖ್ಯ. ಕರೆಂಟ್ ಹೋಗಿ ಬಂದರೆ ಚಾರ್ಜರ್ ಏನು ಮಾಡುತ್ತದೆ? ಕೆಲವು ತಾವೇ ಮತ್ತೆ ಶುರುವಾಗುತ್ತವೆ. ಕೆಲವು ಗುಂಡಿ ಒತ್ತುವ ತನಕ ಸುಮ್ಮನೆ ಕೂರುತ್ತವೆ. ಹೊಲದ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಎರಡನೇ ಥರದ್ದನ್ನು ಹಚ್ಚಿ ಎರಡು ತಿಂಗಳು ಬಿಟ್ಟರೆ ಮೊದಲ ದಿನವೇ ಅದು ನಿಂತಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಕೊಂಡ ದಿನವೇ ಪ್ಲಗ್ ಕಿತ್ತು, ಮತ್ತೆ ಹಾಕಿ ಪರೀಕ್ಷೆ ಮಾಡಿ.

ಬಿಸಿಲಿನದೂ ಒಂದು ಲೆಕ್ಕ ಇದೆ. ಚಾರ್ಜಿಂಗ್ ವೋಲ್ಟೇಜ್‌ಗಳನ್ನೆಲ್ಲ 25 ಡಿಗ್ರಿಗೆ ಹೇಳಿರುತ್ತಾರೆ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು 0.02 ವೋಲ್ಟ್ ಇಳಿಸಬೇಕು. 40 ಡಿಗ್ರಿಗೆ 0.3 ವೋಲ್ಟ್, ಅಂದರೆ 14.4 ಇದ್ದದ್ದು 14.1 ಆಗಬೇಕು. ಬಿಸಿ ನೋಡಿ ತಾನೇ ಇಳಿಸುವ ಚಾರ್ಜರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ನಾಲ್ಕು ದುಡ್ಡು ಹೆಚ್ಚಾದರೂ ಪರವಾಗಿಲ್ಲ.

ಹಚ್ಚುವ ಕ್ರಮಕ್ಕೆ ಕಾರಣ ಇದೆ, ಅದು ತಿಳಿದರೆ ಮರೆಯುವುದಿಲ್ಲ. ಗೋಡೆಯ ಸ್ವಿಚ್ ಬಂದ್ ಇರಲಿ. ಕೆಂಪು ಕ್ಲಿಪ್ಪು ಮೊದಲು ಪ್ಲಸ್‌ಗೆ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಹಾಕುವ ಬದಲು ದೂರದಲ್ಲಿ ಇಂಜಿನ್ ಅಥವಾ ಚಾಸಿಯ ಬಣ್ಣ ಇಲ್ಲದ ಕಬ್ಬಿಣಕ್ಕೆ ಹಾಕಿ. ಕೊನೆಯ ಕ್ಲಿಪ್ಪು ತಾಗುವಾಗಲೇ ಕಿಡಿ ಹಾರುವುದು. ಆ ಕಿಡಿ ಗ್ಯಾಸ್ ಇರುವ ಬ್ಯಾಟರಿಯಿಂದ ದೂರ ಇರಲಿ ಅಂತ ಹೀಗೆ. ಹೊಸ ಕಾರುಗಳಲ್ಲಿ ಮೈನಸ್ ಕಂಬದ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ. ಕಪ್ಪು ಕ್ಲಿಪ್ಪನ್ನು ಚಾಸಿಗೆ ಹಾಕಿದರೆ ಅದಕ್ಕೂ ಲೆಕ್ಕ ಸರಿಯಾಗಿ ಸಿಗುತ್ತದೆ. ಆಮೇಲೆ ಸ್ವಿಚ್ ಹಾಕಿ. ತೆಗೆಯುವಾಗ ಉಲ್ಟಾ: ಸ್ವಿಚ್, ಕಪ್ಪು, ಕೆಂಪು. ಕೈಯಲ್ಲಿ ಬೆಳ್ಳಿ ಕಡಗ, ಉಂಗುರ ಇದ್ದರೆ ತೆಗೆದಿಡಿ. ಸ್ಪ್ಯಾನರ್ ಜೊತೆ ಅದೂ ತಾಗಿದರೆ ಒಂದು ಕ್ಷಣದಲ್ಲಿ ಕಾದು ಕೆಂಪಾಗುತ್ತದೆ.

ಬ್ಯಾಟರಿಯನ್ನೇ ಬಿಚ್ಚಬೇಕಾದರೆ ಮೈನಸ್ ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಾಗಿದರೆ ನೇರ ಶಾರ್ಟ್. ಕೂಡಿಸುವಾಗ ಮೈನಸ್ ಕೊನೆಗೆ.

ಟರ್ಮಿನಲ್ ಮೇಲೆ ಬಿಳಿ, ನೀಲಿ ಬೂಸ್ಟು ಬಂದಿದ್ದರೆ ಚಾರ್ಜರ್ ಹಚ್ಚಿಯೂ ಪ್ರಯೋಜನ ಇಲ್ಲ. ಬಿಸಿ ನೀರಿಗೆ ತಿನ್ನುವ ಸೋಡಾ ಹಾಕಿ ತೊಳೆಯಿರಿ. ನೊರೆ ಬಂದು ನಿಂತರೆ ಆ್ಯಸಿಡ್ ಸತ್ತಿತು ಅಂತ. ಆ ನೀರು ಖೋಲಿಯೊಳಗೆ ಮಾತ್ರ ಹೋಗಬಾರದು. ಒಣಗಿದ ಮೇಲೆ ಬಿಗಿ ಮಾಡಿ ವ್ಯಾಸಲಿನ್ ಸವರಿ. ಖೋಲಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್ ನೀರಿನ ಸವುಳು ಪ್ಲೇಟಿಗೆ ವಿಷ. ಫಿಲ್ಟರ್ ನೀರೂ ಬೇಡ. ಆ್ಯಸಿಡ್ ಅಂತೂ ಬೇಡವೇ ಬೇಡ, ಹೊರಗೆ ಹೋಗಿರುವುದು ನೀರು, ಆ್ಯಸಿಡ್ ಒಳಗೇ ಇದೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ. ಗುರುತಿನ ತನಕ ತುಂಬುವುದು ಚಾರ್ಜ್ ಆದ ಮೇಲೆ, ಯಾಕೆಂದರೆ ಚಾರ್ಜ್ ಆಗುವಾಗ ಮಟ್ಟ ಏರುತ್ತದೆ.

ಚಾರ್ಜ್ ಮುಗಿದ ಕೂಡಲೇ ಮೀಟರ್ ಇಟ್ಟರೆ 13ರ ಮೇಲೆ ತೋರಿಸುತ್ತದೆ. ಅದನ್ನು ನಂಬಬೇಡಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ನೋಡಿ. 12.6 ಇದ್ದರೆ ತುಂಬಿದೆ. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರ ನಿಂತಿದ್ದರೆ ಲೆಕ್ಕ ಹಾಕಿ: 12.6ರಲ್ಲಿ 2.1 ಕಳೆದರೆ 10.5. ಒಂದು ಖೋಲಿ ಪೂರ್ತಿ ಸತ್ತಿದೆ. ಯಾವ ಚಾರ್ಜರೂ ಅದನ್ನು ಎಬ್ಬಿಸುವುದಿಲ್ಲ. ಅಂಥದ್ದನ್ನು ಅಂಗಡಿಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಒಡೆದು ಸೀಸ ತೆಗೆಯುವ ಸಾಹಸ ಮನೆ ಹತ್ತಿರ, ಮಕ್ಕಳಿರುವ ಕಡೆ ಬೇಡ. ಸೀಸ ಮೈಗೆ ಸೇರಿದರೆ ಮಕ್ಕಳ ಮೆದುಳಿಗೇ ಪೆಟ್ಟು.

ಕೆಲವು ಚಾರ್ಜರ್‌ಗಳ ಮೇಲೆ "ರಿಪೇರ್" ಅಂತ ಒಂದು ಗುಂಡಿ ಇರುತ್ತದೆ. ಅದು ವೋಲ್ಟೇಜನ್ನು 15ರ ಮೇಲೆ ಏರಿಸಿ ಗಟ್ಟಿಯಾದ ಸಲ್ಫೇಟ್ ಕರಗಿಸಲು ನೋಡುತ್ತದೆ. ಈಚೆಗೆ ಕೂತಿದ್ದರೆ ಸ್ವಲ್ಪ ಫಲ ಸಿಗುತ್ತದೆ. ವರ್ಷದ ಹಳೆಯ ಕಲ್ಲುಸಕ್ಕರೆ ಕರಗುವುದಿಲ್ಲ. ಬಳಸುವುದೇ ಆದರೆ ಬ್ಯಾಟರಿಯನ್ನು ಗಾಡಿಯಿಂದ ಬಿಚ್ಚಿ ಬಳಸಿ. ಅಷ್ಟು ವೋಲ್ಟೇಜ್ ಕಾರಿನ ಕಂಪ್ಯೂಟರಿಗೆ ಒಳ್ಳೆಯದಲ್ಲ.

ಅಕ್ಕನ ಕಾರಿಗೆ ಈಗ ಒಂದು ಆಂಪ್ಸಿನ ಮೇಂಟೇನರ್ ಹಚ್ಚಿದ್ದೇವೆ. ಅದರ ಜೊತೆ ಬಂದ ಫ್ಯೂಸ್ ಇರುವ ಸಣ್ಣ ವೈರನ್ನು ಬ್ಯಾಟರಿಗೆ ಕಾಯಂ ಆಗಿ ಬೋಲ್ಟ್ ಮಾಡಿ, ತುದಿಯನ್ನು ಮುಂದಿನ ಜಾಲರಿಯಿಂದ ಹೊರಗೆ ತಂದಿದ್ದೇವೆ. ಬಾನೆಟ್ ಎತ್ತದೇ ಪ್ಲಗ್ ಸಿಕ್ಕಿಸಿದರೆ ಆಯಿತು. "ಕರೆಂಟ್ ಬಿಲ್ ಎಷ್ಟ್ ಬರ್ತೈತಿ?" ಅಂತ ಅಕ್ಕ ಕೇಳಿದ್ದಳು. ಸದಾ 5 ವ್ಯಾಟ್ ಎಳೆಯಿತು ಅಂತ ಹಿಡಿದರೂ ತಿಂಗಳಿಗೆ 3.6 ಯೂನಿಟ್.

ಶೆಡ್ಡಿನಲ್ಲಿ ಕರೆಂಟೇ ಇಲ್ಲದವರು ಏನು ಮಾಡಬೇಕು? ಹಂಗಾಮು ಮುಗಿದ ದಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಮನೆಯೊಳಗೆ ತಂಪಾದ, ಗಾಳಿ ಆಡುವ ಮೂಲೆಯಲ್ಲಿ ಇಡಿ. ತಿಂಗಳಿಗೊಮ್ಮೆ ಒಂದು ದಿನ ಚಾರ್ಜರ್ ಹಚ್ಚಿ. ಮೇಂಟೇನರ್‌ನಷ್ಟು ಚೆನ್ನಾಗಿ ಅಲ್ಲದಿದ್ದರೂ ಬ್ಯಾಟರಿ ಉಳಿಯುತ್ತದೆ. ಅಂಗಡಿಗೆ ಕೊಟ್ಟು ಚಾರ್ಜ್ ಮಾಡಿಸುವವರು ಒಂದು ನೋಡಬೇಕು. ಕೆಲವು ಕಡೆ ಹತ್ತು ಬ್ಯಾಟರಿಗಳನ್ನು ಒಂದಕ್ಕೊಂದು ಸರಪಳಿ ಮಾಡಿ ಒಂದೇ ಚಾರ್ಜರಿಗೆ ಹಾಕುತ್ತಾರೆ. ಎಲ್ಲಕ್ಕೂ ಒಂದೇ ಕರೆಂಟ್ ಹರಿಯುತ್ತದೆ. ಅರ್ಧ ತುಂಬಿದ್ದು ಬೇಗ ತುಂಬಿ ಕುದಿಯುತ್ತದೆ, ಪೂರ್ತಿ ಖಾಲಿ ಇದ್ದದ್ದು ಅರ್ಧಕ್ಕೇ ವಾಪಸ್ ಬರುತ್ತದೆ. ನಮ್ಮದನ್ನು ಬೇರೆಯಾಗಿ ಹಚ್ಚಿ ಅಂತ ಕೇಳಿ, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೂ ಲಾಭವೇ.

ಕಾಕಾನ ಹೊಸ ಬ್ಯಾಟರಿಗೆ ಈ ಸಲ ಮಾರ್ಚ್‌ನಲ್ಲೇ ಮೇಂಟೇನರ್ ಹಚ್ಚಿದೆವು. ಶೆಡ್ಡಿಗೆ ಮನೆಯಿಂದ ವೈರ್ ಎಳೆದು ಒಂದು ಬೋರ್ಡು ಹಾಕಿಸಿದೆವು. ಮೊದಮೊದಲು ಕಾಕಾಗೆ ನಂಬಿಕೆ ಇರಲಿಲ್ಲ. ಆಮೇಲೆ ಊಟ ಆದ ಮೇಲೆ ಶೆಡ್ಡಿಗೆ ಹೋಗಿ ಹಸಿರು ದೀಪ ನೋಡಿ ಬರುವುದು ರೂಢಿಯಾಯಿತು. ಜೂನ್‌ನಲ್ಲಿ ಪ್ಲಗ್ ಕಿತ್ತು, ಒಂದು ರಾತ್ರಿ ಬಿಟ್ಟು ಮೀಟರ್ ಇಟ್ಟೆ. 12.65. ಕಾಕಾ ಹತ್ತಿ ಕೂತು ಕೀಲಿ ತಿರುಗಿಸಿದರು. ಅರ್ಧ ಸುತ್ತಿಗೇ ಶುರುವಾಯಿತು.

ಇಳಿದು ಬಂದು ಗೋಡೆಗೆ ಆನಿಸಿದ್ದ ಬೈಕಿನ ಕಡೆ ನೋಡಿದರು. "ಇದ ಮಿಷಿನ್ ಆ ಬೈಕಿಗೂ ನಡೀತೈತೇನೋ?"

"ನಡೀತೈತಿ ಕಾಕಾ, ಆದ್ರ ಟ್ರ್ಯಾಕ್ಟರ್ ಚಾರ್ಜ್ ಮಾಡೋ ದೊಡ್ಡದಲ್ಲ, ಈ ಸಣ್ಣದು. ಅದೂ ಬೈಕಿನ ಚಿತ್ರ ಇರೋ ಗುಂಡಿ ಒತ್ತಿ. ಬೈಕಿನ ಬ್ಯಾಟ್ರಿ 5 ಎಎಚ್. ಅದಕ್ಕ ಅರ್ಧ ಆಂಪ್ಸ್ ಸಾಕು."

ಕಾಕಾ ಕೂತು ಬೈಕಿನ ಸೈಡ್ ಕವರಿನ ಸ್ಕ್ರೂ ಬಿಚ್ಚತೊಡಗಿದರು.